ಭಾವನ ಕಾರಿನ ಹಲ್ಲಿ

ನಮ್ಮ ಭಾವನವರಿಗೆ ಮನುಷ್ಯರ ಮಾತು ಕೇಳಿಸುವುದಿಲ್ಲ. ಹಾಗಂತ ಕಿವುಡರೇನೂ ಅಲ್ಲ. ಅಕ್ಕ ಅಡುಗೆಮನೆಯಿಂದ "ರೀ, ಬೆಲ್ಲ ಮುಗೀತು" ಎಂದು ಎಷ್ಟು ಸಲ ಕೂಗಿದರೂ ಅಲ್ಲಾಡದ ಆಸಾಮಿ, ಊರಾಚೆ ಹೋಗುವ ಲಾರಿಯ ಸದ್ದು ಕಿವಿಗೆ ಬಿದ್ದರೆ ಸಾಕು, ಪೇಪರು ಕೆಳಗಿಟ್ಟು "ಪಾಪ, ಅದರ ಎಡಗಡೆ ಹಿಂದಿನ ಚಕ್ರದ ಬೇರಿಂಗು ಹೋಗ್ತಾ ಇದೆ" ಎಂದು ಮರುಗುತ್ತಾರೆ. ಇಂಥವರಿಗೆ ಯಾರು ಹೆಣ್ಣು ಕೊಟ್ಟರು ಅಂತೀರಾ? ನಾವೇ ಕೊಟ್ಟೆವು!

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಗೌರಿಬಿದನೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಡಮ್ಮು. ಅಕ್ಕನನ್ನು ಕೊಟ್ಟಿದ್ದು ಶಿಡ್ಲಘಟ್ಟಕ್ಕೆ. ಭಾವನವರದು ಹಿಪ್ಪುನೇರಳೆ ತೋಟ, ಹುಳುಮನೆ, ರೇಷ್ಮೆಗೂಡಿನ ವ್ಯಾಪಾರ ಎಲ್ಲ ಇದ್ದ ಅನುಕೂಲಸ್ಥ ಮನೆ. ಅನುಕೂಲ ಜಾಸ್ತಿಯಾದರೆ ಗಂಡಸರು ಏನು ಮಾಡುತ್ತಾರೆ? ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಚುನಾವಣೆಗೆ ನಿಲ್ಲುತ್ತಾರೆ. ನಮ್ಮ ಭಾವ ಬೆಂಗಳೂರಿನಿಂದ ಒಂದು ಹಳೇ ಕಾರು ತಂದರು. ಮಾರಿದವರು ನಿವೃತ್ತ ಅಮಲ್ದಾರರಂತೆ. ಕಾರು ಅವರಿಗಿಂತ ಮುಂಚೆಯೇ ನಿವೃತ್ತಿಯಾಗಿತ್ತೆಂದು ನನ್ನ ಅನುಮಾನ.

ಆ ವರ್ಷ ಅಕ್ಕ ಬಸುರಿ. ಹಿಂದೆ ಎರಡು ಸಲ ಆಸೆ ತೋರಿಸಿ ಕೈತಪ್ಪಿ ಹೋಗಿತ್ತು. ಹಾಗಾಗಿ ಈ ಸಲ ಮನೆಯಲ್ಲಿ ಯಾರೂ ಜೋರಾಗಿ ಸಂತೋಷಪಡುವ ಧೈರ್ಯ ಮಾಡಲಿಲ್ಲ. ಅಮ್ಮ ಚಿಂತಾಮಣಿ ಮೇಲೆ ಹೋಗಿ ಮುರುಗಮಲ್ಲದ ದರ್ಗಾದಲ್ಲಿ ಹರಕೆ ಹೊತ್ತು ಬಂದಿದ್ದಳು. ಅಕ್ಕನಂತೂ ಮಗುವಿನ ಮಾತೇ ಎತ್ತುತ್ತಿರಲಿಲ್ಲ, ನಾನು ಕುಲಾವಿ ಹೊಲಿಯಲು ಬಟ್ಟೆ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದಳು. ಚಿಕ್ಕಬಳ್ಳಾಪುರದ ಲೇಡಿ ಡಾಕ್ಟರು "ಬಸ್ಸಲ್ಲಿ ಕುಲುಕಿಸಿಕೊಂಡು ಬರಬೇಡಿ, ನೋವು ಕಾಣಿಸಿದ ಕೂಡಲೇ ಇಲ್ಲಿಗೆ ಕರೆದುಕೊಂಡು ಬನ್ನಿ, ತಡ ಮಾಡಿದರೆ ನಾನು ಜವಾಬ್ದಾರಳಲ್ಲ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ತವರಿಗೆ ಕರೆದೊಯ್ಯುವ ಯೋಚನೆ ಬಿಟ್ಟು, ಬೇಸಿಗೆ ರಜಕ್ಕೆ ನಾನೂ ಅಮ್ಮನೂ ಶಿಡ್ಲಘಟ್ಟಕ್ಕೇ ಹೋಗಿ ಕೂತೆವು. ಎಲ್ಲರ ಭರವಸೆಯೂ ಆ ಕಾರಿನ ಮೇಲೆ. ಸರಿಯಾಗಿ ಆಗಲೇ ಅದಕ್ಕೆ ಕಾಯಿಲೆ ಬರಬೇಕೆ!

ಕಾಯಿಲೆ ಅಂದರೆ ಒಂದು ಸದ್ದು. ಕಾರು ನಿಧಾನಕ್ಕೆ ಹೊರಡುವಾಗ, ಗೇರು ಬದಲಾಯಿಸುವಾಗ, ಹಳ್ಳ ಹತ್ತಿಳಿಯುವಾಗ ನಮ್ಮ ಪಾದದ ಕೆಳಗೆಲ್ಲೋ ಒಂದು ಸಣ್ಣ ಸದ್ದು. ಮೊದಲ ಸಲ ಅದು ಕೇಳಿಸಿದ್ದು ಅಕ್ಕನನ್ನು ಡಾಕ್ಟರ ಹತ್ತಿರ ಕರೆದೊಯ್ಯುವಾಗ. ಭಾವ ಕಾರು ನಿಲ್ಲಿಸಿ ಹಿಂದಿನ ಸೀಟಿನಲ್ಲಿದ್ದ ನಮ್ಮ ಕಡೆ ತಿರುಗಿದರು.

"ಸರಿಯಾಗಿ ಹೇಳಮ್ಮ ಮೇಡಮ್ಮು. ಟಕ್ ಅಂತಾ, ಟಿಕ್ ಅಂತಾ, ಚಟ್ ಅಂತಾ?"

"ಟಕ್ ಅಂದಂಗಾಯ್ತು ಭಾವ."

"ಅಂದಂಗಾಯ್ತು ಅಂದ್ರೆ ಆಗಲ್ಲ. ಟಕ್ ಅಂದ್ರೆ ಸ್ಪ್ರಿಂಗು, ಟಿಕ್ ಅಂದ್ರೆ ಬೇರಿಂಗು, ಚಟ್ ಅಂದ್ರೆ ಇನ್ನೇನೋ. ಮಕ್ಕಳಿಗೆ ವ್ಯಾಕರಣ ಹೇಳ್ಕೊಡೋಳು, ಒಂದು ಶಬ್ದ ನೆಟ್ಟಗೆ ಹೇಳಕ್ಕಾಗಲ್ವೇ?"

ಇಲ್ಲಿ ನಮ್ಮಮ್ಮನ ವಿಷಯ ಒಂದು ಹೇಳಬೇಕು. ಅಮ್ಮ ಅಳಿಯನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನಿಲ್ಲ, ಅದು ಮರ್ಯಾದೆ. ಅತ್ತೆಯಾದವಳು ಅಳಿಯನ ಮುಖ ನೋಡಿ ಮಾತಾಡಬಾರದು ಎನ್ನುವ ಕಾಲದವಳು. ಏನಿದ್ದರೂ ನನ್ನ ಮೂಲಕ. ಅಳಿಯ ಒಂದು ಮೊಳ ದೂರದಲ್ಲಿ ಕೂತಿದ್ದರೂ ಮಾತು ನನ್ನ ಹತ್ತಿರ ಬಂದು, ದಣಿವಾರಿಸಿಕೊಂಡು, ಮುಂದಕ್ಕೆ ಹೋಗಬೇಕು. ಅಂದೂ ಹಾಗೆಯೇ ಆಯಿತು.

"ಅಳಿಯೋರಿಗೆ ಹೇಳು ಕಣೇ," ಎಂದಳು ಅಮ್ಮ, ಸೆರಗು ಸರಿಮಾಡಿಕೊಂಡು. "ಅದು ಟಕ್ಕೂ ಅಲ್ಲ ಟಿಕ್ಕೂ ಅಲ್ಲ. ಲೊಚ್ ಅಂತೈತೆ. ಹಲ್ಲಿ."

"ನಿಮ್ಮಮ್ಮಂಗೆ ಹೇಳು," ಎಂದರು ಭಾವ, "ಹಲ್ಲಿ ಪೆಟ್ರೋಲ್ ಕುಡಿಯಲ್ಲ ಅಂತ."

ಯಾರಾದರೂ ಏನಾದರೂ ಹೇಳುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜವಾಗುತ್ತದೆ, ಕೇಳಿದವರು ಬೆರಳಲ್ಲಿ ಕುಟ್ಟಿ ಕೃಷ್ಣ ಕೃಷ್ಣ ಅನ್ನಬೇಕು ಎನ್ನುವುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಗೊತ್ತಿಲ್ಲದವರು ಭಾವ ಒಬ್ಬರೇ. ಅವರಿಗೆ ಶಕುನ, ರಾಹುಕಾಲ, ಬೆಕ್ಕು ಅಡ್ಡ ಬರೋದು ಯಾವುದೂ ಆಗದು. ಬೆಕ್ಕು ಅಡ್ಡ ಬಂದರೆ ಕಾರು ನಿಲ್ಲಿಸುತ್ತಿದ್ದರು ನಿಜ, ಆದರೆ ಅದು ಬೆಕ್ಕಿನ ಕ್ಷೇಮಕ್ಕಾಗಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅಕ್ಕ ಕಿಟಕಿಗೆ ತಲೆಯಾನಿಸಿ ಸುಮ್ಮನೆ ಕೂತಿದ್ದಳು. ಅಮ್ಮ ಅವಳ ಕೈ ಹಿಡಿದು, "ಯಾಕಮ್ಮ ಹಂಗೆ ಕೂತಿದ್ದೀಯ? ಈ ಸಲ ಎಲ್ಲ ನೆಟ್ಟಗಾಗ್ತದೆ ಬಿಡು" ಎಂದಳು. ಕೆಳಗಿನಿಂದ ಲೊಚ್ ಎಂದಿತು. ಅಮ್ಮ ತಡಮಾಡದೆ ಕಾರಿನ ಬಾಗಿಲಿಗೆ ಬೆರಳು ಕುಟ್ಟಿ "ಕೃಷ್ಣ ಕೃಷ್ಣ" ಎಂದಳು. ಅಕ್ಕ ತಲೆಯೆತ್ತಿ ಕಾಲಡಿಯ ಚಾಪೆಯನ್ನು ನೋಡಿದಳು. ಅವಕಾಶ ಬಿಡುವವಳೇ ನಾನು? ಮುಂದೆ ಹಳ್ಳ ಬರುವುದನ್ನು ನೋಡಿಕೊಂಡು, "ನಮ್ಮ ಭಾವನಿಗಿಂತ ಈ ಕಾರಿಗೇ ಬುದ್ಧಿ ಜಾಸ್ತಿ" ಎಂದೆ. ಲೊಚ್! ಅಕ್ಕ ನಕ್ಕಳು. ಎಷ್ಟೋ ತಿಂಗಳಾಗಿತ್ತು ಅವಳು ಹಾಗೆ ನಕ್ಕು. ಕನ್ನಡಿಯಲ್ಲಿ ಭಾವ ಅವಳನ್ನು ನೋಡಿದರು.

ಕಾರಿನ ಖ್ಯಾತಿ ಬೀದಿಗೆ ಹಬ್ಬಲು ಹೊತ್ತೇನೂ ಬೇಕಾಗಲಿಲ್ಲ. ಎದುರುಮನೆಯ ತೆಲುಗಜ್ಜಿಯ ಮೇಕೆ ಕಳೆದುಹೋಗಿತ್ತು. ಒಂದು ದಿನ ನಾವು ಹೊರಡುವಾಗ ಅವರು ಬಂದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. ಮಾರ್ಕೆಟ್ಟಿನ ಹತ್ತಿರ ಬಿಟ್ಟರೆ ಸಾಕಂತೆ. ಕಾರು ಹೊರಡುತ್ತಲೇ ಚಾಪೆಯ ಕಡೆ ಬಗ್ಗಿ, "ನಾ ಮೇಕ ದೊರುಕುತುಂದಾ?" ಎಂದು ಕೇಳಿದರು. ಲೊಚ್. "ಬಲ್ಲಿ ಪಲಿಕಿಂದಿ, ಹಲ್ಲಿ ನುಡೀತಮ್ಮ, ಸಿಗ್ತದೆ" ಎಂದು ಕೈಮುಗಿದು ಇಳಿದುಹೋದರು. ಮಾರನೆಯ ದಿನ ಮೇಕೆ ಸಿಕ್ಕಿತು. ಎಲ್ಲಿ ಅಂತೀರಾ? ಭಾವನವರ ತೋಟದಲ್ಲೇ, ಒಂದು ಮೂಲೆಯ ಹಿಪ್ಪುನೇರಳೆ ಸೊಪ್ಪನ್ನೆಲ್ಲ ತಿಂದು ಮುಗಿಸಿ ಮೆಲುಕು ಹಾಕುತ್ತಾ ಮಲಗಿತ್ತು. ಆಮೇಲೆ ಮಗನಿಗೆ ಹೆಣ್ಣು ಸಿಗದವರು, ಕೋರ್ಟಿನಲ್ಲಿ ಕೇಸು ಇದ್ದವರು, ಎಲ್ಲರಿಗೂ ಚಿಕ್ಕಬಳ್ಳಾಪುರದಲ್ಲಿ ಏನಾದರೊಂದು ಕೆಲಸ ಬೀಳತೊಡಗಿತು.

ಭಾವ ಮಾತ್ರ ಕೊರಗಿ ಹೋದರು. ನಗುವ ವಿಷಯ ಅದಾಗಿರಲಿಲ್ಲ ಅವರಿಗೆ. ಏನೋ ಒಂದು ಸವೆಯುತ್ತಿದೆ. ಅದು ಯಾವುದೆಂದು ಗೊತ್ತಿಲ್ಲ. ಹೆಂಡತಿ ನೋವು ತಿನ್ನುತ್ತಾ ಹಿಂದೆ ಕೂತಿರುವಾಗ, ಬಯಲಿನ ಮಧ್ಯೆ ಅದು ಕಟ್ಟಾದರೆ? ನಾನು "ಚಿಕ್ಕಬಳ್ಳಾಪುರದಲ್ಲಿ ಮೆಕ್ಯಾನಿಕ್ ಇದ್ದಾನಲ್ಲ ಭಾವ" ಎಂದೆ.

"ಅವನು ಮೊದಲು ಬಿಚ್ತಾನೆ, ಆಮೇಲೆ ಯೋಚನೆ ಮಾಡ್ತಾನೆ. ನಾನು ಮೊದಲು ಯೋಚನೆ ಮಾಡಿ ಆಮೇಲೆ ಬಿಚ್ತೀನಿ."

"ನೀವು ಬಿಚ್ಚಿದ್ದೇ ನೋಡಿಲ್ವಲ್ಲ."

"ಯೋಚನೆ ಇನ್ನೂ ಮುಗಿದಿಲ್ಲಮ್ಮ."

ಯೋಚನೆಯ ಮೊದಲ ಮೆಟ್ಟಿಲು, ಸದ್ದು ಎಂಜಿನ್ನಿನದೋ ಅಲ್ಲವೋ ತಿಳಿಯುವುದು. ಅದಕ್ಕೆ ಎಂಜಿನ್ ಆರಿಸಿ ಕಾರನ್ನು ತಳ್ಳಬೇಕು. ತಳ್ಳುವಾಗಲೂ ಸದ್ದು ಬಂದರೆ ಎಂಜಿನ್ ನಿರ್ದೋಷಿ. ಭಾವ ಅಡುಗೆಮನೆಯಿಂದ ಒನಕೆ ತಂದರು. ಅದರ ಒಂದು ತುದಿಯನ್ನು ಕಾರಿನ ನೆಲಕ್ಕೆ ಊರಿ ಇನ್ನೊಂದು ತುದಿಗೆ ಕಿವಿ ಕೊಟ್ಟರೆ ಒಳಗಿನ ಸದ್ದೆಲ್ಲ ಕೇಳುತ್ತದಂತೆ. ಅಮ್ಮ ಹೊಸಿಲಲ್ಲಿ ನಿಂತು "ಅಳಿಯೋರಿಗೆ ಹೇಳು, ಭತ್ತ ಕುಟ್ಟೋ ಒನಕೆ ಅದು, ಕಿವಿಗೆಲ್ಲ ಇಟ್ಕೊಳ್ಳೋದಲ್ಲ" ಎಂದಳು. ನಾನು ತಲುಪಿಸುವಷ್ಟರಲ್ಲಿ ಭಾವ ಹಿಂದಿನ ಸೀಟು ಕಿತ್ತು ಹೊರಗಿಟ್ಟು, ಒನಕೆ ತಬ್ಬಿಕೊಂಡು ಒಳಗೆ ಬೋರಲು ಮಲಗಿಯಾಗಿತ್ತು.

ಹಾಗಾದರೆ ಸ್ಟಿಯರಿಂಗ್ ಹಿಡಿಯುವವರು ಯಾರು? "ನೀನೇ ಕಣಮ್ಮ. ನೆಟ್ಟಗೆ ಹಿಡ್ಕೊಂಡು ಕೂತ್ಕೋ, ಅಷ್ಟೇ" ಎಂದರು. ಹುಳುಮನೆಯ ಆಳುಗಳು ಹಿಂದಿನಿಂದ ತಳ್ಳಿದರು. ಶಿಡ್ಲಘಟ್ಟದ ಬೀದಿಯಲ್ಲಿ ಹೆಂಗಸೊಬ್ಬಳು ಕಾರು ಓಡಿಸಿದ್ದು ಅದೇ ಮೊದಲಿರಬೇಕು. ಎಂಜಿನ್ನಿಲ್ಲದೆ ಓಡಿಸಿದ್ದಂತೂ ಖಂಡಿತ ಮೊದಲು! ನೋಡಲು ಜನ ಸೇರಿದರು, ಜನ ಸೇರಿದ್ದು ನೋಡಿ ತಳ್ಳುವವರಿಗೆ ಹುರುಪು ಬಂತು. ಬೀದಿ ಇಳಿಜಾರು. ಹುಳುಗಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ದೊಡ್ಡ ಚಂದ್ರಿಕೆಗಳನ್ನು ಯಾರೋ ಗೋಡೆಗೆ ಒರಗಿಸಿ ಬಿಸಿಲಿಗೆ ಇಟ್ಟಿದ್ದರು. ನಾನು ಬ್ರೇಕೆಂದು ತುಳಿದದ್ದು ಬ್ರೇಕಾಗಿರಲಿಲ್ಲ. ಬಿದಿರೆಲ್ಲ ಪಟಪಟ ಮುರಿದು ಕಾರಿನ ಮೂತಿಯ ಮೇಲೆ ಬಿತ್ತು. ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ ಹಿಂದಿನಿಂದ ಭಾವನ ಗಂಭೀರ ಧ್ವನಿ ಕೇಳಿಸಿತು.

"ಇದು ಬೇರೆ ಶಬ್ದ."

ಆ ಗಲಾಟೆಯಲ್ಲಿ ಹಳೇ ಸದ್ದು ಬಂತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ, ಅಂತೂ ಎಂಜಿನ್ ನಿರ್ದೋಷಿ ಎಂದು ಭಾವ ತೀರ್ಮಾನ ಕೊಟ್ಟರು. ಎರಡನೆಯ ಅನುಮಾನ ಚಕ್ರಗಳ ಮೇಲೆ. ಚಕ್ರದ ಹೊಳೆಯುವ ಮುಚ್ಚಳದೊಳಗೆ ಕಲ್ಲು ಸೇರಿರಬಹುದೆಂದು ಅವನ್ನೆಲ್ಲ ಬಿಚ್ಚಿ ಜಗಲಿಯ ಮೇಲಿಟ್ಟರು. ಕಲ್ಲೂ ಇರಲಿಲ್ಲ, ಏನೂ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಉಪ್ಪುಸಾರಿನ ಪಾತ್ರೆಯ ಮೇಲೆ ಒಂದು ಹೊಳೆಯುವ ಮುಚ್ಚಳ. "ಅಳತೆಗೆ ಸರಿಯಾಗಿತ್ತು ಅಂತ ಹೇಳು" ಎಂದಳು ಅಮ್ಮ. ಆಮೇಲೆ ಜಾಕಿ ಕೊಟ್ಟು ಹಿಂಭಾಗ ಎತ್ತಿ ಚಕ್ರ ತಿರುಗಿಸಿ ನೋಡಿದರು. ಸದ್ದೇ ಇಲ್ಲ, ರೋಗಿ ಡಾಕ್ಟರ ಮುಂದೆ ನಿಂತಾಗ ನೋವೆಲ್ಲ ಮಾಯವಾಗುವಂತೆ. ಭಾವ ಒಬ್ಬರೇ ಓಡಿಸಿಕೊಂಡು ಹೋದರು. ಆಗಲೂ ಇಲ್ಲ. ನಾವೆಲ್ಲ ಕೂತರೆ ಇದೆ!

ಊಟ ನಿದ್ದೆ ಬಿಟ್ಟು ಯೋಚಿಸಿದ ಭಾವ, ಅಮ್ಮ ಹಿತ್ತಲಿನಲ್ಲಿ ಇದ್ದಾಳೆಂದು ಖಾತ್ರಿ ಮಾಡಿಕೊಂಡು, ನನ್ನನ್ನು ಕರೆದು ಪಿಸುಗುಟ್ಟಿದರು. "ಬೇಜಾರು ಮಾಡ್ಕೋಬೇಡಮ್ಮ. ನಿಮ್ಮಮ್ಮ ಕೂತ್ರೆ ಮಾತ್ರ ಬರ್ತಿದೆ."

ಅಮ್ಮ ತುಂಬಿದ ಮೈಯವಳು. ಅವಳು ಕೂತಾಗ ಕಾರಿನ ಹಿಂಭಾಗ ಇಳಿಯುತ್ತದೆ, ಇಳಿದಾಗ ಏನೋ ಒಂದು ಓರೆಯಾಗುತ್ತದೆ, ಓರೆಯಾದದ್ದು ಲೊಚ್ ಎನ್ನುತ್ತದೆ. ಇದು ಭಾವನ ಸಿದ್ಧಾಂತ. ಇದನ್ನು ಅತ್ತೆಗೆ ಹೇಳುವುದು ಹೇಗೆ? ಅತ್ತೆಯ ಬದಲು ರಾಗಿ ಮೂಟೆ ಇಟ್ಟು ನೋಡಿದರು. ಒಂದು ಮೂಟೆಗೆ ಸದ್ದಿಲ್ಲ. ಅದರ ಮೇಲೆ ಅರ್ಧ ಮೂಟೆ ಇಟ್ಟಾಗ ಲೊಚ್ ಎಂದಿತು. ಸಂತೋಷ ತಡೆಯಲಾರದೆ ಭಾವ ಪಡಸಾಲೆಗೆ ಬಂದು, "ನಿಮ್ಮಮ್ಮ ಅಂದ್ರೆ ಒಂದೂವರೆ ಮೂಟೆ, ಲೆಕ್ಕ ಸರಿಹೋಯ್ತು" ಎಂದರು. ಅಮ್ಮ ಬಾಗಿಲ ಹಿಂದೆಯೇ ನಿಂತಿದ್ದಳು. ಅಂದು ರಾತ್ರಿ ಅಳಿಯನ ಮುದ್ದೆಯ ಗುಣಿಗೆ ತುಪ್ಪ ಬೀಳಲಿಲ್ಲ.

ಕಾರಿನ ಅಡಿಗೆ ಹೋಗಿ ನೋಡಲೇಬೇಕೆಂದು ಕೊನೆಗೂ ಯೋಚನೆ ಮುಗಿಯಿತು. ತೋಟದ ನೀರಿನ ಕಾಲುವೆ ಒಣಗಿತ್ತು. ಎರಡೂ ದಡದ ಮೇಲೆ ಚಕ್ರ ಬರುವಂತೆ ಕಾರು ನಿಲ್ಲಿಸಿ, ಭಾವ ಕಾಲುವೆಯಲ್ಲಿ ಅಂಗಾತ ಮಲಗಿದರು. ಮೇಲೆ ಅದೇ ತೂಕ ಬೇಕಲ್ಲ, ರಾಗಿ ಮೂಟೆಗಳು ಅಷ್ಟರಲ್ಲಿ ಗಿರಣಿಗೆ ಹೋಗಿಬಿಟ್ಟಿದ್ದವು. ನಾನು ಅಮ್ಮನ ಕಾಲು ಹಿಡಿದೆ. ಅಮ್ಮ ಮುಖ ಊದಿಸಿಕೊಂಡು ಹೋಗಿ ಸೀಟಿನಲ್ಲಿ ಕೂತು ಎಲೆಯಡಿಕೆ ಚೀಲ ಬಿಚ್ಚಿದಳು. ನಾನೂ ಆಳುಗಳೂ ಕಾರನ್ನು ಹಿಂದೆ ಮುಂದೆ ಜೀಕಿದೆವು. ಲೊಚ್, ಲೊಚ್. "ಇನ್ನೊಂಚೂರು, ಇನ್ನೊಂಚೂರು" ಎನ್ನುತ್ತಿದ್ದರು ಭಾವ ಕೆಳಗಿನಿಂದ. ಅಷ್ಟರಲ್ಲಿ ಬಾವಿಯ ಹತ್ತಿರ, ಇದ್ಯಾವುದೂ ಗೊತ್ತಿಲ್ಲದ ಯಾರೋ ಪಂಪು ಹಾಕಿದರು.

ನೀರು ನುಗ್ಗುವುದು ನಮಗೆ ಕಾಣಿಸಿತು. "ಭಾವ, ನೀರು ಬರ್ತಿದೆ, ಎದ್ದು ಬನ್ನಿ" ಎಂದು ಕೂಗಿದೆ. ಮನುಷ್ಯರ ಮಾತು ಅವರಿಗೆ ಯಾವಾಗ ಕೇಳಿಸಿತ್ತು? ಅಮ್ಮ ಮೇಲೆ ಅಡಿಕೆ ಕತ್ತರಿಸುತ್ತಾ "ಅಳಿಯೋರಿಗೆ ಹೇಳು, ಈಜು ಬರ್ತದೇನು ಅಂತ" ಎಂದಳು. ಒಂದು ನಿಮಿಷ ಕಳೆದು, ಮೂಗಿನ ತುದಿಯವರೆಗೆ ಕೆಸರಾಗಿ ಭಾವ ತೆವಳಿಕೊಂಡು ಹೊರಗೆ ಬಂದರು. ಮುಖದಲ್ಲಿ ಹಲ್ಲೊಂದೇ ಬೆಳ್ಳಗೆ.

"ಸಿಕ್ತು," ಎಂದರು.

ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದದ ಶಾಫ್ಟು ಇರುತ್ತದೆ. ಅದರ ತುದಿಗೆ ಮೊಣಕೈಯಂತೆ ಮಡಿಯುವ ಒಂದು ಕೀಲು, ಕೀಲಿನೊಳಗೆ ಕೂಡುವ ಗುರುತಿನಂಥ ಒಂದು ಕಬ್ಬಿಣ. ಕ್ರಾಸ್ ಎನ್ನುತ್ತಾರೆ ಅದಕ್ಕೆ. ಅದು ಸವೆದು, ಗ್ರೀಸು ಆರಿ, ತುಕ್ಕು ಹಿಡಿದಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಶಾಫ್ಟು ರಸ್ತೆಯ ಮೇಲೆ ಬಿದ್ದು ಕಾರು ನಿಂತಲ್ಲೇ ನಿಲ್ಲುತ್ತಿತ್ತಂತೆ. ಹೊಸ ಕ್ರಾಸು ಬೆಂಗಳೂರಿನಿಂದ ಬಸ್ಸಿನಲ್ಲಿ ಬಂತು. ಭಾವ ಸ್ಪಾನರು ಕೈಗೆ ತೆಗೆದುಕೊಂಡಾಗ ಅಕ್ಕ ನಿಧಾನವಾಗಿ ನಡೆದುಕೊಂಡು ಅಂಗಳಕ್ಕೆ ಬಂದಳು.

"ಬಿಚ್ಚಲೇಬೇಕಾ ರೀ?"

"ಬಿಚ್ದೆ ಇನ್ನೇನೇ? ದಾರೀಲಿ ಕೈಕೊಟ್ರೆ ಏನೇ ಮಾಡ್ಲಿ ನಾನು?"

"ಅದೊಂದೇ ಧೈರ್ಯ ಹೇಳ್ತಿತ್ತು ನಂಗೆ," ಎಂದಳು ಅಕ್ಕ.

ಭಾವ ಸ್ಪಾನರು ಹಿಡಿದು ನಿಂತೇ ಇದ್ದರು. ನಗುತ್ತಾರೆ, ಕಬ್ಬಿಣಕ್ಕೂ ಹಲ್ಲಿಗೂ ಇರುವ ವ್ಯತ್ಯಾಸದ ಬಗ್ಗೆ ಪಾಠ ಹೇಳುತ್ತಾರೆ ಅಂದುಕೊಂಡೆ. ಆದರೆ ಅವರು ಬಗ್ಗಿ ಕಾರಿನ ಅಡಿಗೆ ಹೋದರು. ಸಂಜೆಯ ಹೊತ್ತಿಗೆ ಕಾರು ಅಮ್ಮ ಕೂತರೂ, ಅಮ್ಮನ ಜೊತೆ ಒಂದು ಮೂಟೆ ಕೂತರೂ ತುಟಿಪಿಟಕ್ಕೆನ್ನದೆ ಓಡಿತು. ತೆಲುಗಜ್ಜಿ ಬೇಸರಪಟ್ಟು ಇಳಿದುಹೋದರು. ಬೀದಿಯವರಿಗೆಲ್ಲ ಚಿಕ್ಕಬಳ್ಳಾಪುರದ ಕೆಲಸಗಳು ಮುಗಿದುಹೋದವು.

ಅಕ್ಕನಿಗೆ ನೋವು ಬಂದದ್ದು ಒಂದು ಬೆಳಿಗ್ಗೆ, ಹಾಲು ಕಾಯಿಸುವ ಹೊತ್ತಿಗೆ. ಕಾಫಿಯನ್ನೂ ಕುಡಿಯದೆ ಹೊರಟೆವು. ನಾನು ಒಂದು ಕಡೆ, ಅಮ್ಮ ಒಂದು ಕಡೆ, ನಡುವೆ ಅಕ್ಕ. ಕಾರು ಬೆಣ್ಣೆಯಂತೆ ಹೋಗುತ್ತಿತ್ತು. ಎಷ್ಟು ಸದ್ದಿಲ್ಲದೆ ಹೋಗುತ್ತಿತ್ತೆಂದರೆ ಅಕ್ಕ ಹಲ್ಲು ಕಚ್ಚುವುದೂ ಕೇಳಿಸುತ್ತಿತ್ತು. ಊರು ದಾಟಿದ ಮೇಲೆ ಅವಳು ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದು, "ಈ ಸಲ ಏನೂ ಆಗಲ್ಲ ಅಲ್ವೇನೇ? ಮಗು ಉಳಿಯುತ್ತೆ ಅಲ್ವಾ?" ಎಂದಳು. ಕೇಳಿ, ತಲೆ ತಗ್ಗಿಸಿ, ಕಾಲಡಿಯ ಚಾಪೆಯನ್ನೇ ನೋಡತೊಡಗಿದಳು.

ನಾವೂ ನೋಡಿದೆವು. ಕಾರು ಸುಮ್ಮನೆ ಓಡುತ್ತಿತ್ತು. ಒಂದು ಹಳ್ಳ ಬಂತು, ದಾಟಿತು. ಏನೂ ಇಲ್ಲ. ಅಕ್ಕನ ತುಟಿ ಅದುರಿತು. ನಾನು ಮೊದಲ ಸಲ ಆ ಹಾಳು ಕ್ರಾಸನ್ನು ಬಿಚ್ಚಿದ ಭಾವನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಲೊಚ್. ಲೊಚ್.

ಸದ್ದು ಬಂದದ್ದು ಕಾಲಡಿಯಿಂದಲ್ಲ, ಮುಂದಿನ ಸೀಟಿನಿಂದ. ಭಾವ ರಸ್ತೆಯ ಮೇಲಿಟ್ಟ ಕಣ್ಣು ತೆಗೆಯದೆ ನೆಟ್ಟಗೆ ಕೂತಿದ್ದರು. ಕಿವಿಗಳು ಕೆಂಪಗಾಗಿದ್ದವು. ಅಕ್ಕ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಲಿಲ್ಲ ಎಂದು ನಾನು ಹೇಳಲಾರೆ, ತಿಳಿದೇ ಇರುತ್ತದೆ. ಆದರೆ ಅಮ್ಮ ಕಾರಿನ ಬಾಗಿಲಿಗೆ ಬೆರಳು ಕುಟ್ಟಿ, ದೇವರ ಮುಂದೆ ನಿಂತವಳಂತೆ "ಕೃಷ್ಣ ಕೃಷ್ಣ" ಎಂದಳು. ಅಕ್ಕನ ಹಿಡಿತ ಸಡಿಲವಾಯಿತು. ಅಲ್ಲಿಂದ ಆಸ್ಪತ್ರೆಯ ಬಾಗಿಲವರೆಗೆ ಅವಳು ನರಳಿದಾಗಲೆಲ್ಲ ಮುಂದಿನಿಂದ ಉತ್ತರ ಬರುತ್ತಲೇ ಇತ್ತು.

ಹೆರಿಗೆ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ. ನಾನೂ ಅಮ್ಮನೂ ಕೋಣೆಯ ಬಾಗಿಲಲ್ಲಿ ಕೂತೆವು. ಭಾವ ಎಲ್ಲಿ ಹೋದರೋ ಕಾಣಲಿಲ್ಲ. ಬಿಸಿಲೇರಿತು. ಒಳಗೆ ಅಕ್ಕ ಕೂಗಿದಾಗ ಗೋಡೆಯಾಚೆಯಿಂದ ಸಣ್ಣಗೆ ಲೊಚ್ ಲೊಚ್ ಎಂದು ಕೇಳಿಸಿತು, ಕಿಟಕಿಯ ಕೆಳಗಿನಿಂದ. ಮತ್ತೆ ಕೂಗಿದಳು, ಮತ್ತೆ ಬಂತು. ಆಯಾ ಒಬ್ಬಳು ಪೊರಕೆ ಹಿಡಿದು ಗೊಣಗುತ್ತಾ ಬಂದಳು. "ಬೆಳಿಗ್ಗೆಯಿಂದ ಬಡ್ಕೊಂತೈತೆ, ಎಲ್ಲಿ ಸೇರ್ಕೊಂಡೈತೋ ಹಲ್ಲಿ."

ಅಮ್ಮ ಎದ್ದು ಅವಳ ಕೈಯಿಂದ ಪೊರಕೆ ತೆಗೆದುಕೊಂಡಳು. "ಓಡಿಸ್ಬೇಡಮ್ಮ. ಇರ್ಲಿ. ಅದು ನಮ್ಮನೇದೇ."

ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಮಗುವಿನ ಅಳು ಕೇಳಿಸಿತು. ಡಾಕ್ಟರು ಹೊರಗೆ ಬಂದು ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ ಎಂದರು. ನಾನು ಅಳುತ್ತಾ ನಿಂತುಬಿಟ್ಟೆ. ಅಮ್ಮ ಚೊಂಬಿನಲ್ಲಿ ನೀರು ತೆಗೆದುಕೊಂಡು ಹೊರಟಳು, ನಾನು ಹಿಂದೆ ಓಡಿದೆ. ಕಿಟಕಿಯ ಕೆಳಗೆ, ಸುಡುವ ಬಿಸಿಲಿನಲ್ಲಿ, ಗೋಡೆಗೆ ಹಣೆಯಾನಿಸಿ ಕಣ್ಣು ಮುಚ್ಚಿ ಭಾವ ನಿಂತಿದ್ದರು. ಇನ್ನೂ ಲೊಚಗುಟ್ಟುತ್ತಲೇ ಇದ್ದರು.

ಎಂದಿನ ಹಾಗೆ ಅಮ್ಮ ಹೇಳುವುದನ್ನು ದಾಟಿಸಲು ನಾನು ಪಕ್ಕಕ್ಕೆ ಬಂದು ನಿಂತೆ. ಅಮ್ಮ ನನ್ನ ಕಡೆ ತಿರುಗಲೇ ಇಲ್ಲ. ನೇರವಾಗಿ ಅವರ ಭುಜ ಮುಟ್ಟಿ, "ಸಾಕು ಕಣಪ್ಪ," ಎಂದಳು. "ಮಗಳು ಹುಟ್ಟವ್ಳೆ. ಇಬ್ರೂ ಚೆನ್ನಾಗವ್ರೆ. ತಗೋ, ನೀರು ಕುಡಿ."

ಭಾವ ತಿರುಗಿದರು. ಕೆನ್ನೆಯೆಲ್ಲ ಒದ್ದೆ. ಏನೋ ಹೇಳಬೇಕೆಂದು ಬಾಯಿ ತೆರೆದರು, ಒಣಗಿ ಹೋಗಿದ್ದ ನಾಲಿಗೆಯಿಂದ ಮಾತು ಬರಲಿಲ್ಲ, ಲೊಚ್ ಎಂಬ ಸದ್ದೊಂದೇ ಬಂತು.

ಅಮ್ಮ ಚೊಂಬನ್ನು ಅವರ ಕೈಗೆ ಕೊಟ್ಟು, ಗೋಡೆಗೆ ಬೆರಳು ಕುಟ್ಟಿ ಕೃಷ್ಣ ಕೃಷ್ಣ ಎಂದಳು.